ಕಲ್ಲಿನ ಮೇಲೆ ನಿಂತು ನೋಡಿ

ಕೊಡಗಿನ ಕಕ್ಕಡ ತಿಂಗಳ ಮಳೆ. ಭಾಗಮಂಡಲದ ಕಡೆ ಹೋಗುವ ರಸ್ತೆಯ ಕ್ಯಾಂಟೀನಿನಲ್ಲಿ ಅಕ್ಕಿರೊಟ್ಟಿ ತಿಂದು ಕಾಫಿ ಕುಡಿದೆ. ತೊಂಬತ್ತು ರೂಪಾಯಿ ಆಯಿತು. ಕ್ಯೂಆರ್ ಕೋಡಿನ ಪ್ಲಾಸ್ಟಿಕ್ಕಿನೊಳಗೆ ನೀರು ಹೊಕ್ಕು, ಕಪ್ಪು ಚೌಕಗಳ ನಡುವೆ ಬೂಷ್ಟು ಬೆಳೆದಿತ್ತು. ಸ್ಕ್ಯಾನ್ ಆದದ್ದೇ ಪವಾಡ. ಆಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು.

“ಇಲ್ಲಿ ನೆಟ್‌ವರ್ಕ್ ಸಿಗುದಿಲ್ಲ ಅಣ್ಣ. ಆ ಹಲಸಿನ ಮರದ ಹತ್ರ ಹೋಗಿ. ಬುಡದಲ್ಲಲ್ಲ, ಈಚೆ ಕಲ್ಲಿನ ಮೇಲೆ ನಿಲ್ಬೇಕು” ಅಂದರು ಕ್ಯಾಂಟೀನಿನ ಅಕ್ಕ.

ಕಲ್ಲಿನ ಮೇಲೆ ಆಗಲೇ ಇಬ್ಬರು ಕೊಡೆ ಹಿಡಿದು, ಫೋನನ್ನು ಆರತಿ ತಟ್ಟೆಯಂತೆ ಎತ್ತಿ ನಿಂತಿದ್ದರು. ಸರದಿ ಬರುವವರೆಗೆ ಯೋಚಿಸಲು ಬಿಡುವು ಸಿಕ್ಕಿತು.

ನನ್ನ ಈ ತೊಂಬತ್ತು ರೂಪಾಯಿಗಾಗಿ ದೆಹಲಿ, ಮುಂಬೈಗಳಲ್ಲಿ ಎಷ್ಟು ತಲೆ ಕೆಡಿಸಿಕೊಂಡಿದ್ದಾರೆ! 2016ರಲ್ಲಿ ಡಿಜಿಟಲ್ ಪಾವತಿ ಕುರಿತ ಕೇಂದ್ರ ಸರ್ಕಾರದ ರತನ್ ವಟಲ್ ಸಮಿತಿ ಕೂತು, ನೋಟು ರದ್ದಾದ ಮರುತಿಂಗಳೇ ವರದಿ ಕೊಟ್ಟಿತು: ಪಾವತಿಗೆ ಸ್ವತಂತ್ರ ನಿಯಂತ್ರಕರು ಬೇಕು. 2018ರಲ್ಲಿ ಇನ್ನೊಂದು ಸಮಿತಿ ಅದೇ ರಾಗ ಹಾಡಿತು. ಅಲ್ಲಿಯವರೆಗೆ ಪಾವತಿಯನ್ನು ತಾನೇ ನಿಯಂತ್ರಿಸುತ್ತಿದ್ದ ರಿಸರ್ವ್ ಬ್ಯಾಂಕು ಒಪ್ಪದೆ ಭಿನ್ನಮತದ ಟಿಪ್ಪಣಿ ಬರೆದು ತನ್ನ ವೆಬ್‌ಸೈಟಿನಲ್ಲೇ ಹಾಕಿತು. ಅಣ್ಣತಮ್ಮಂದಿರು ತೋಟದ ಬೇಲಿ ಜಗಳವನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಿದ ಹಾಗೆ. ಕಡೆಗೆ 2025ರ ಮೇ ತಿಂಗಳಲ್ಲಿ ಪಾವತಿ ನಿಯಂತ್ರಣ ಮಂಡಳಿಯ ನಿಯಮ ಹೊರಬಿತ್ತು. ಆರು ಜನ, ಅದರಲ್ಲಿ ಮೂವರು ಸರ್ಕಾರದವರು. ಅಧ್ಯಕ್ಷರು ಮಾತ್ರ ಅದೇ ರಿಸರ್ವ್ ಬ್ಯಾಂಕಿನ ಗವರ್ನರ್. ಅಷ್ಟರಲ್ಲಿ 2016ರಲ್ಲಿ ನೆಟ್ಟ ರೋಬಸ್ಟಾ ಕಾಫಿ ಗಿಡ ಎಷ್ಟು ಫಸಲು ಕೊಟ್ಟಿತೋ!

ಈ ಕಲ್ಲಿಗೆ ಮಾತ್ರ ಯಾರೂ ಬರಲಿಲ್ಲ.

ಅದೇ ವರ್ಷದ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂದಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳು ಹೆದರಿ ಕ್ಯೂಆರ್ ಕೋಡು ಕಿತ್ತುಹಾಕಿದವು. ನಮ್ಮಲ್ಲಿ ಆ ಕೆಲಸವನ್ನು ಮಳೆಯೇ ಮಾಡುತ್ತದೆ, ವರ್ಷವರ್ಷ, ನೋಟಿಸಿಲ್ಲದೆ.

ಸರದಿ ಬಂತು. ಕಲ್ಲು ಹತ್ತಿದೆ. ಖಾತೆಯಿಂದ ದುಡ್ಡು ಹೋಯಿತು. ದುಡ್ಡು ಬಂತೆಂದು ಕೂಗಬೇಕಾದ ಕ್ಯಾಂಟೀನಿನ ಪೆಟ್ಟಿಗೆ ಬಾಯಿ ಬಿಡಲಿಲ್ಲ. ವಾಪಸು ಹೋಗಿ ಅಕ್ಕನಿಗೆ ಕಾನೂನು ಹೇಳಿದೆ: ಅಂಗಡಿಗೆ ಸೇರದ ದುಡ್ಡನ್ನು ಐದು ದಿನದೊಳಗೆ ನನ್ನ ಖಾತೆಗೆ ತಿರುಗಿಸಬೇಕು, ತಪ್ಪಿದರೆ ದಿನಕ್ಕೆ ನೂರು ರೂಪಾಯಿ ಪರಿಹಾರ, 2019ರಿಂದಲೇ ರಿಸರ್ವ್ ಬ್ಯಾಂಕಿನ ನಿಯಮ ಉಂಟು.

“ಪರಿಹಾರ ನಿಮಗಾ, ನನಗಾ?”

“ನನಗೆ.”

“ಹಾಗಾದ್ರೆ ನನ್ನ ರೊಟ್ಟಿಯ ದುಡ್ಡು?”

ಉತ್ತರ ತೋಚಲಿಲ್ಲ. ಅಕ್ಕ ಗೋಡೆಗೆ ನೇತುಹಾಕಿದ್ದ ನೋಟ್‌ಬುಕ್ ತೆಗೆದು ಪೆನ್ನನ್ನು ಉಫ್ ಎಂದು ಊದಿ, “ಮುಂದಿನ ಸಲ ಕೊಡಿ” ಎನ್ನುತ್ತ ಬರೆದುಕೊಂಡರು: “ಕಪ್ಪು ಕೊಡೆ – 90”.

ಅದೇ ಪುಟದಲ್ಲಿ ಆಗಲೇ ಮೂರು ಕಪ್ಪು ಕೊಡೆಗಳಿದ್ದವು.