ಎನ್‌ಸಿಸಿ ಮಕ್ಕಳಿಗೆ ಸೇನೆಯ ಗುರುತುಗಳು ಬೇಕೇ?

ಪರ: ಬೇಕು, ಇರಲಿ

ಪರೇಡ್‌ಗೆ ಮುಂಚೆ ಶಾಲೆಯ ಎನ್‌ಸಿಸಿ (ನ್ಯಾಷನಲ್ ಕೆಡೆಟ್ ಕೋರ್) ಮಕ್ಕಳನ್ನು ಒಮ್ಮೆ ನೋಡಿ. ಒಬ್ಬ ಬ್ರಾಸೋ ಹಚ್ಚಿ ಬೆಲ್ಟಿನ ಹಿತ್ತಾಳೆ ಬಕಲ್ ಉಜ್ಜುತ್ತಿರುತ್ತಾನೆ. ಇನ್ನೊಬ್ಬಳು ಟೋಪಿಯ ಕೆಂಪು ಹ್ಯಾಕಲ್ (ಗರಿಯ ಕುಚ್ಚು) ನೆಟ್ಟಗೆ ನಿಂತಿದೆಯಾ ಅಂತ ಗೆಳತಿಯನ್ನು ಕೇಳುತ್ತಿರುತ್ತಾಳೆ. ಮನೆಯಲ್ಲಿ ಎಷ್ಟು ಬೈದರೂ ಬಾರದ ಅಚ್ಚುಕಟ್ಟು ಇಲ್ಲಿ ತಾನಾಗಿಯೇ ಬರುತ್ತದೆ. ಯಾಕಂದ್ರೆ ತೊಟ್ಟ ಗುರುತಿಗೆ ಒಂದು ತೂಕವಿದೆ.

1954ರಲ್ಲಿ ಬಂದ ಎನ್‌ಸಿಸಿ ಧ್ವಜದಲ್ಲಿ ಕೆಂಪು ಭೂಸೇನೆಗೆ, ಕಡುನೀಲಿ ನೌಕಾಸೇನೆಗೆ, ತಿಳಿನೀಲಿ ವಾಯುಸೇನೆಗೆ. ನಡುವಿನ ಲಾಂಛನದ ಸುತ್ತ 17 ತಾವರೆಗಳಿವೆ, ಎನ್‌ಸಿಸಿಯ 17 ಡೈರೆಕ್ಟರೇಟ್‌ಗಳಿಗೆ, ಅಂದರೆ ಪ್ರಾದೇಶಿಕ ವಿಭಾಗಗಳಿಗೆ, ಒಂದೊಂದು. ಕರ್ನಾಟಕ ಮತ್ತು ಗೋವಾಕ್ಕೆ ಸೇರಿ ಒಂದು ತಾವರೆ. ಹೊರರಾಜ್ಯದ ಕ್ಯಾಂಪಿಗೆ ಹೋದ ನಮ್ಮ ಹಳ್ಳಿ ಹುಡುಗನಿಗೆ ಹಿಂದಿ ಬರದೇ ಇರಬಹುದು. ಎದುರಿಗೆ ನಿಂತ ಮಣಿಪುರದ ಹುಡುಗನ ಟೋಪಿಯಲ್ಲೂ ಅದೇ ಬ್ಯಾಡ್ಜ್ ಇರುತ್ತದೆ. ಮಾತು ಶುರುವಾಗಲು ಅಷ್ಟು ಸಾಕು. ಸರ್ಕಾರಿ ಶಾಲೆ, ಲಕ್ಷಗಟ್ಟಲೆ ಫೀಸಿನ ಶಾಲೆ ಎಂಬ ಭೇದವೂ ಆ ಯೂನಿಫಾರ್ಮಿನಲ್ಲಿ ಕಾಣುವುದಿಲ್ಲ. ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ವಿರೋಧ: ಧ್ವಜ ಸರಿ, ರ‍್ಯಾಂಕ್ ಬೇಡ

ಧ್ವಜದ ಬಗ್ಗೆ ತಕರಾರಿಲ್ಲ. ತಕರಾರಿರುವುದು ರ‍್ಯಾಂಕ್ ತೋರಿಸುವ ತೋಳಿನ ಪಟ್ಟಿಯ ಬಗ್ಗೆ. ಲ್ಯಾನ್ಸ್ ಕಾರ್ಪೊರಲ್‌ಗೆ ಒಂದು, ಕಾರ್ಪೊರಲ್‌ಗೆ ಎರಡು, ಸಾರ್ಜೆಂಟ್‌ಗೆ ಮೂರು. ಸೈನಿಕನೊಬ್ಬ ಈ ಪಟ್ಟಿಗಾಗಿ ವರ್ಷಗಟ್ಟಲೆ ದುಡಿಯುತ್ತಾನೆ. ನಾವು ಅದನ್ನು ಹೈಸ್ಕೂಲ್ ಮಕ್ಕಳ ತೋಳಿಗೆ ಹೊಲಿಯುತ್ತೇವೆ.

1948ರ ಎನ್‌ಸಿಸಿ ಕಾಯ್ದೆಯೇ ಹೇಳುತ್ತದೆ, ಕೆಡೆಟ್ ಆದ ಮಾತ್ರಕ್ಕೆ ಯಾರೂ ಸಕ್ರಿಯ ಸೈನಿಕ ಸೇವೆಗೆ ಬದ್ಧರಲ್ಲ ಅಂತ. ಹಾಗಿದ್ದ ಮೇಲೆ ಸೇನೆಯ ಮೇಲು-ಕೀಳಿನ ಮೆಟ್ಟಿಲು ಮಾತ್ರ ಯಾಕೆ ಬೇಕು? ನಿನ್ನೆ ಒಂದೇ ಬೆಂಚಿನಲ್ಲಿ ಕೂತಿದ್ದವರು. ಇವತ್ತು ಒಬ್ಬ ಆರ್ಡರ್ ಕೊಡುತ್ತಾನೆ, ಇನ್ನೊಬ್ಬ ಸಾವಧಾನ್ ಎಂದೊಡನೆ ಬೆನ್ನು ನೆಟ್ಟಗೆ ಮಾಡುತ್ತಾನೆ. ಮೈದಾನದಲ್ಲಿ ಅದು ಸರಿ. ಆದರೆ ಆ ದನಿ ಕ್ಲಾಸಿಗೂ ಬರುತ್ತದೆ, ಮೇಷ್ಟ್ರುಗಳಿಗೆ ಇದು ಗೊತ್ತಿರುವ ವಿಷಯವೇ. 'ಏಕತೆ ಮತ್ತು ಶಿಸ್ತು' ಎಂಬ ಧ್ಯೇಯವಾಕ್ಯದಲ್ಲಿ ಏಕತೆ ಮೊದಲು ಬರುತ್ತದೆ, ಅಲ್ವಾ?

ಇನ್ನೊಂದು ಮಾತು. ಇದೇ ಮಕ್ಕಳು ಗಿಡ ನೆಡುತ್ತಾರೆ, ಕೆರೆ ದಂಡೆ ಗುಡಿಸುತ್ತಾರೆ, ಪ್ರಥಮ ಚಿಕಿತ್ಸೆ ಕಲಿಯುತ್ತಾರೆ. ಧ್ವಜದ ಮೂರು ಬಣ್ಣಗಳಲ್ಲಿ ಈ ಕೆಲಸಕ್ಕೆ ಜಾಗವಿಲ್ಲ. ಶಾಲಾ ಮಟ್ಟದಲ್ಲಿ ಪಟ್ಟಿ ತೆಗೆದುಬಿಡಿ. ಆರ್ಡರ್ ಕೊಡುವ ಸರದಿ ಪ್ರತಿ ಪರೇಡಿಗೂ ಬದಲಾಗಲಿ, ಹಿಂದಿನ ಸಾಲಿನ ಸಂಕೋಚದ ಹುಡುಗಿಗೂ ಒಮ್ಮೆ ಮುಂದೆ ನಿಲ್ಲುವ ಅವಕಾಶ ಸಿಗಲಿ.