ತೂಕಡಿಸುವ ಕೇಳುಗನ ಪರವಾಗಿ

ಹೋದ ಡಿಸೆಂಬರಿನಲ್ಲಿ ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವವೆಂಬ ಹಿಂದೂಸ್ತಾನಿ ಸಂಗೀತ ಸಭೆಯಲ್ಲಿ ಪಕ್ಕದ ಕುರ್ಚಿಯ ಹಿರಿಯರೊಬ್ಬರು ನನ್ನನ್ನು ಮೊಣಕೈಯಿಂದ ತಿವಿದು ಎಬ್ಬಿಸಿದರು. ಮಲಗುವುದಿದ್ದರೆ ಮನೆಗೆ ಹೋಗಿ ಎಂದು ಮರಾಠಿಯಲ್ಲಿ ಮೆಲ್ಲಗೆ ಗದರಿದರು. ವೇದಿಕೆಯ ಮೇಲೆ ಪೂರಿಯಾ ರಾಗದ ವಿಲಂಬಿತ, ಅಂದರೆ ನಿಧಾನಗತಿಯ, ಖಯಾಲ್ ನಡೆದಿತ್ತು. ನಾನು ಗೊರಕೆ ಹೊಡೆದಿರಲಿಲ್ಲ, ಅದಕ್ಕೆ ಹೆಂಡತಿಯ ಸಾಕ್ಷಿ ಇದೆ. ಮಿರಜಿನಿಂದ ರಾತ್ರಿಯ ರೈಲು ಹಿಡಿದು ಬಂದವನಿಗೆ ಕಣ್ಣು ಕೂಡಿದ್ದವು, ಅಷ್ಟೇ. ಕಿವಿ ಎಚ್ಚರವಿತ್ತು.

ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಹಣ ಕೊಟ್ಟು ಕುರ್ಚಿ ಹಿಡಿದವನು ಕಣ್ಣು ಬಿಟ್ಟುಕೊಂಡೇ ಕೇಳಬೇಕು ಎಂಬುದು ಅಲ್ಲಿಯ ಶಿಸ್ತು. ನಾನು ಬೆಳೆದ ಹುಬ್ಬಳ್ಳಿಯ ಕಡೆ ಹಾಗಿರಲಿಲ್ಲ. ಗಾಯಕ ಸವಾಯಿ ಗಂಧರ್ವರ ಊರಾದ ಕುಂದಗೋಳದಲ್ಲಿ, ನಾಡಿಗೇರ ವಾಡೆಯಲ್ಲಿ, ಅವರ ನೆನಪಿನ ಸಂಗೀತ ಇರುಳಿಡೀ ನಡೆಯುತ್ತಿತ್ತು. ಅಪ್ಪ ನನ್ನನ್ನು ಕಂಬಕ್ಕೆ ಒರಗಿಸಿ ಕೂಡಿಸುತ್ತಿದ್ದರು. ನಡುರಾತ್ರಿಯ ಮಾಲಕಂಸ ರಾಗದಲ್ಲಿ ನಿದ್ದೆ ಹತ್ತಿದರೆ ನಸುಕಿನ ಲಲಿತದಲ್ಲಿ ಎಚ್ಚರವಾಗುತ್ತಿತ್ತು. ಎಚ್ಚರವಾದವನಿಗೆ ಯಾರೋ ಚಹಾದ ಬಟ್ಟಲು ಮುಂದೆ ಮಾಡುತ್ತಿದ್ದರು. ಎಷ್ಟು ಹೊತ್ತು ಮಲಗಿದ್ದೆ ಎಂದು ಒಬ್ಬರೂ ಕೇಳಿದ್ದು ನೆನಪಿಲ್ಲ.

ಮಿರಜಿನಲ್ಲಿ ನಾನು ನೆಲೆಸಿ ಇಪ್ಪತ್ತು ವರ್ಷವಾಯಿತು. ಅಥಣಿ, ರಾಯಬಾಗಗಳಿಂದ ಆಸ್ಪತ್ರೆಗೆ ಬರುವವರ ದೆಸೆಯಿಂದ ಇಲ್ಲಿ ಕನ್ನಡಕ್ಕೆ ಬರವಿಲ್ಲ. ಇಲ್ಲಿಯ ಸತಾರಮೇಕರ ಗಲ್ಲಿಯಲ್ಲಿ ಮಾಡುವ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿತು. ಮೀರಾಸಾಹೇಬ ದರ್ಗಾದ ಆವರಣದಲ್ಲಿ ಗಾಯಕ ಅಬ್ದುಲ್ ಕರೀಮ್ ಖಾನರ ಸಮಾಧಿ ಇದೆ. 1937ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನ ಹತ್ತಿರದ ಒಂದು ರೈಲು ನಿಲ್ದಾಣದಲ್ಲಿ ತೀರಿಕೊಂಡ ಅವರನ್ನು ಇಲ್ಲಿಗೆ ತಂದು ಮಣ್ಣು ಮಾಡಿದರು. ಸವಾಯಿ ಗಂಧರ್ವರಿಗೆ ಗುರು ಇವರೇ. ಉರುಸಿನಲ್ಲಿ ಅದೇ ಆವರಣದ ಹುಣಸೆ ಮರದ ಕೆಳಗೆ ಸಂಗೀತ ಸಭೆ ಕೂಡುತ್ತದೆ. ಕಲಾವಿದರಿಗೆ ಅದು ಸೇವೆ. ಕೇಳುವವರು ಚಾದರ ಹಾಸಿ ಕೂಡುತ್ತಾರೆ. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿಗೂ, ರುಮಾಲನ್ನೇ ತಲೆದಿಂಬು ಮಾಡಿಕೊಂಡ ಮುದುಕನಿಗೂ ಜಾಗವಿದೆ. ಅಂಥ ಒಬ್ಬ ಮುದುಕ ಮಲಗಿದ್ದಲ್ಲಿಯೇ ತಾಳದ ಮೊದಲ ಪೆಟ್ಟಾದ ಸಮಕ್ಕೆ ಸರಿಯಾಗಿ ಹೆಬ್ಬೆರಳು ಅಲುಗಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಲಿನ ಹೆಬ್ಬೆರಳು!

ಪುಣೆಯದು ದೊಡ್ಡ ವ್ಯವಹಾರ. ಭೀಮಸೇನ ಜೋಶಿಯವರು ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಹುಟ್ಟುಹಾಕಿದ ಸಭೆ ಈಗ ಐದು ದಿನ ನಡೆಯುತ್ತದೆ. ಸಾವಿರಾರು ಜನ, ದೊಡ್ಡ ಪರದೆಗಳು, ಪಾಸುಗಳು, ತಿಂಡಿಯ ಮಳಿಗೆಗಳು. ಆ ಅಚ್ಚುಕಟ್ಟುತನವನ್ನು ಹೀಗಳೆದರೆ ನಾಲಿಗೆ ಬಿದ್ದುಹೋದೀತು. ಅಷ್ಟು ಹಿಂದೆ ಕುಳಿತರೂ ತಂಬೂರಿಯ ನಾದ ಬಿಡಿಬಿಡಿಯಾಗಿ ಕೇಳುತ್ತದೆ. ಕುಂದಗೋಳದಲ್ಲಿ ಕಂಬದ ಹಿಂದೆ ಸಿಕ್ಕಿಬಿದ್ದರೆ ತಬಲಾ ಮಾತ್ರ ಗತಿ.

ಆದರೆ ಹೊತ್ತು ಕೈತಪ್ಪಿದೆ. ಧ್ವನಿವರ್ಧಕ ರಾತ್ರಿ ಹತ್ತಕ್ಕೆ ನಿಲ್ಲಬೇಕೆಂಬ ನಿಯಮ 2000ದಲ್ಲಿ ಬಂತು. ವರ್ಷಕ್ಕೆ 15 ದಿನ ಮಧ್ಯರಾತ್ರಿಯವರೆಗೆ ರಿಯಾಯಿತಿ ಕೊಡುವ ಅಧಿಕಾರ ಸರಕಾರಕ್ಕಿದೆ, ಅದರಲ್ಲೊಂದು ಈ ಸಭೆಯ ಶನಿವಾರಕ್ಕೆ ಬರುತ್ತದೆ. ಹಿಂದೆ ಇರುಳಿಡೀ ಕುಳಿತವರಿಗೆ ಬೆಳಗಿನ ಜಾವ ಭೀಮಸೇನರು ಸಿಗುತ್ತಿದ್ದರು. ಈಗ ಸಭೆ ಮಧ್ಯಾಹ್ನವೇ ಶುರುವಾಗುವುದರಿಂದ ಮುಲ್ತಾನಿ, ಮಾರವಾ, ಪೂರಿಯಾದಂಥ ಇಳಿಹಗಲು, ಸಂಜೆಯ ರಾಗಗಳಿಗೆ ಸುಗ್ಗಿ. ನಡುರಾತ್ರಿಯ ದರ್ಬಾರಿಗೂ ನಸುಕಿನ ಲಲಿತಕ್ಕೂ ಕಾಲವೇ ಇಲ್ಲ. ನೆರೆಮನೆಯವರಿಗೆ ನಿದ್ದೆ ಬೇಕು, ಒಪ್ಪುತ್ತೇನೆ. ನನಗೂ ಅದೇ ಬೇಕಾಗಿತ್ತು, ರಾಗದ ಪಕ್ಕದಲ್ಲಿ.

ಹೊಸದಾಗಿ ಹೋಗುವವರು ಇಷ್ಟು ಕೇಳಿಕೊಳ್ಳಿ. ಮಧ್ಯಾಹ್ನದ ಬಿಸಿಲನ್ನು ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ. ಏಳರ ಹೊತ್ತಿಗೆ ಪುಣೆಯ ಚಳಿ ಕಿವಿ ಹಿಡಿಯುತ್ತದೆ. ಎಲ್ಲರನ್ನೂ ಕೇಳುತ್ತೇನೆಂಬ ಹಟ ಬೇಡ. ದಿನಕ್ಕೆ ಇಬ್ಬರನ್ನು ಮನಸ್ಸಿಟ್ಟು ಕೇಳಿದರೆ ಮೂರನೆಯವರ ಹೊತ್ತಿಗೆ ಎದ್ದು ಬಟಾಟೆವಡೆಯ ಸಾಲಿನಲ್ಲಿ ನಿಲ್ಲಬಹುದು. ಹಾಡುವವರ ತಾನ್ ಅಲ್ಲಿಗೂ ಕೇಳಿಸುತ್ತದೆ. ಎದ್ದು ಹೋಗುವುದನ್ನು ಮಾತ್ರ ಎರಡು ರಾಗಗಳ ನಡುವೆ ಮಾಡಿ. ಮತ್ತು ಕೊನೆಯ ದಿನ ರೈಲಿನ ನೆಪ ಹೇಳಿ ಓಡಬೇಡಿ. ಎಲ್ಲ ಮುಗಿದ ಮೇಲೆ ಸವಾಯಿ ಗಂಧರ್ವರ ಭೈರವಿಯ ಹಳೆಯ ಧ್ವನಿಮುದ್ರಿಕೆ ಹಾಕುತ್ತಾರೆ. ಚಪ್ಪಾಳೆ ತಟ್ಟಲು ಕೈಯೇ ಏಳುವುದಿಲ್ಲ.

ಈ ವರ್ಷ ಕುರ್ಚಿ ಬೇಡ, ನೆಲದ ಬೈಠಕ್ಕಿಗೇ ಟಿಕೆಟ್ ತೆಗೆಸೋಣ ಎಂದಿದ್ದೇನೆ. ಅಲ್ಲಿ ಒಬ್ಬರ ಬೆನ್ನಿಗೆ ಇನ್ನೊಬ್ಬರು ಒರಗಿದರೆ ಯಾರೂ ತಿವಿಯುವುದಿಲ್ಲವೆಂದು ನನ್ನ ಲೆಕ್ಕ. ಹೆಂಡತಿ ಏನೂ ಹೇಳಲಿಲ್ಲ. ನನ್ನ ಮೊಣಕಾಲಿನ ಮುಲಾಮನ್ನು ತಂದು ಚೀಲದ ಹೊರಜೇಬಿಗೆ ಹಾಕಿದಳು.