ಬಯಾಸ್ ಅಪ್‌ಡೇಟ್ ಮಾಡಿ ಕೆಟ್ಟೆ

ಸರಿಯಾಗಿಯೇ ನಡೆಯುತ್ತಿದ್ದ ಕಂಪ್ಯೂಟರಿನ ಬಯಾಸನ್ನು (ಆನ್ ಮಾಡಿದೊಡನೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶವನ್ನು), ಭದ್ರತೆಗೆ ಅಗತ್ಯವೆಂಬ ಸೂಚನೆಯನ್ನು ನಂಬಿ ಅಪ್‌ಡೇಟ್ ಮಾಡಿದ್ದು, ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡಂತಾಯಿತು. ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇತ್ತು. ಅದು ಮದರ್‌ಬೋರ್ಡು ರ‍್ಯಾಮನ್ನು ಹೊಸದಾಗಿ ಹೊಂದಿಸಿಕೊಳ್ಳುವ ಕಾಲವೆಂದು ತಿಳಿಯದವರು ಗಾಬರಿಯಿಂದ ಪವರ್ ಬಟನ್ ಒತ್ತಿಬಿಡುತ್ತಾರೆ. (ನಾನೂ ಒತ್ತಿದೆ.) ಆಮೇಲೆ, ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರಿನ 48 ಅಂಕಿಗಳ ರಿಕವರಿ ಕೀ ಕೇಳಿತು. ಅಪ್‌ಡೇಟಿಗೆ ಮುಂಚೆ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು, ಇಲ್ಲವಾದರೆ ಆ ಬೀಗದ ಕೀಲಿಯನ್ನು ಕಾಯುವ ಟಿಪಿಎಂ ಚಿಪ್ಪು ಬದಲಾವಣೆ ಕಂಡು ಬೀಗ ತೆರೆಯದೆ ಹೋಗಬಹುದು ಎಂಬ ಒಂದು ಸಾಲನ್ನು ಡೌನ್‌ಲೋಡ್ ಗುಂಡಿಯ ಪಕ್ಕದಲ್ಲಿ ಬರೆಯಲು ಮದರ್‌ಬೋರ್ಡಿನ ಕಂಪನಿಯವರಿಗೆ ಏನು ಕಷ್ಟವಿತ್ತು? ಬಯಾಸಿನ ಸೆಟ್ಟಿಂಗುಗಳೆಲ್ಲ ಅಳಿಸಿಹೋಗಿ, ರ‍್ಯಾಮನ್ನು ಅದರ ಘೋಷಿತ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿಯೂ ಆಫ್ ಆಗಿದ್ದರಿಂದ, 3200ರ ವೇಗಕ್ಕೆಂದು ದುಡ್ಡು ಕೊಟ್ಟು ತಂದ ಡಿಡಿಆರ್4 ರ‍್ಯಾಮ್ ಎರಡು ವಾರ 2133ರಲ್ಲೇ ತೆವಳಿತು. ಹಳೆಯ ಬಯಾಸಿಗೇ ಮರಳೋಣವೆಂದರೆ, ಹಾಗೆ ಹಿಂದಿರುಗಲು ಬರುವುದಿಲ್ಲವೆಂಬ ಮಾತು ಮಾತ್ರ ಅದೇ ಪುಟದ ತಳದಲ್ಲಿ, ಸಣ್ಣ ಅಕ್ಷರಗಳಲ್ಲಿತ್ತು.